ಅಪ್‌ಡೇಟ್: ಆ 900 ರೂಪಾಯಿ ಸೀರಮ್ ತಗೊಳ್ಳಲಿಲ್ಲ

ಮುಖದ ಕಪ್ಪು ಕಲೆಗೆ ವಿಟಮಿನ್ ಸಿ ಸೀರಮ್ ತಗೊಳ್ಳಲಾ ಅಂತ ಹೋದ ತಿಂಗಳು ಕೇಳಿದ್ದೆ. ಬೇಡ, ಮೊದಲು ಡಬ್ಬಿ ಹಿಂದೆ ಓದಿ ಅಂದವರಿಗೆ ತುಂಬಾ ಥ್ಯಾಂಕ್ಸ್.

ದಾವಣಗೆರೆ ಮಂಡಿಪೇಟೆಯ ಅಂಗಡಿಯಲ್ಲೇ ನಿಂತು ಓದಿದೆ. ಅಕ್ಷರ ಎಷ್ಟು ಸಣ್ಣದೆಂದರೆ, ಮೊಬೈಲಲ್ಲಿ ಫೋಟೋ ತೆಗೆದು ದೊಡ್ಡದು ಮಾಡಬೇಕಾಯಿತು. ಯಾವುದು ಜಾಸ್ತಿ ಇದೆಯೋ ಅದರ ಹೆಸರು ಮೊದಲು ಬರುತ್ತದೆ, ಅಲ್ವಾ? ಮುಂದೆ ದಪ್ಪಕ್ಷರದಲ್ಲಿದ್ದ ವಿಟಮಿನ್ ಸಿ, ಹಿಂದಿನ ಪಟ್ಟಿಯಲ್ಲಿ ಸೆಂಟಿಗಿಂತ ಕೆಳಗಿತ್ತು!

ಆಮೇಲೆ ಚರ್ಮದ ಡಾಕ್ಟರ ಹತ್ತಿರ ಹೋದೆ. ಈಗ ಏನು ಹಚ್ಚುತ್ತಿದ್ದೀರಿ ಅಂತ ಕೇಳಿದರು. ಅಕ್ಕ ಕೊಟ್ಟಿದ್ದ, ಮುಖ ಬೆಳ್ಳಗಾಗುವ ಕ್ರೀಮಿನ ಟ್ಯೂಬ್ ತೋರಿಸಿದೆ. ಅದರಲ್ಲಿ ಮೊಮೆಟಾಸೋನ್ ಇತ್ತು. ಅದು ಸ್ಟೀರಾಯ್ಡ್, ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ಮೊಡವೆ ಏಳುತ್ತದೆ. ನನಗೆ ನಿಜವಾಗಿಯೂ ಭಯವಾಯಿತು. ಸುಮ್ನೆ ಒಮ್ಮೆಲೇ ಬಿಡಬೇಡಿ, ನಾನು ಹೇಳಿದ ಹಾಗೆ ಕಡಿಮೆ ಮಾಡಿ ಅಂದರು.

ಈಗ ಫೇಸ್‌ವಾಶ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಅಷ್ಟೇ. ಎಸ್‌ಪಿಎಫ್ (ಸನ್‌ಸ್ಕ್ರೀನ್ ಬಿಸಿಲನ್ನು ಎಷ್ಟು ತಡೆಯುತ್ತದೆ ಅನ್ನೋ ಅಳತೆ) 30 ಇದ್ದರೆ, ಚರ್ಮ ಸುಡುವ ಯುವಿಬಿ ಕಿರಣವನ್ನು ಸುಮಾರು 97% ತಡೆಯುತ್ತದೆ, 50 ಆದರೆ 98%. ಹಾಗಾಗಿ 30ರದ್ದೇ ತಗೊಂಡೆ. ನಮ್ಮೂರ ಬಿಸಿಲಿಗೆ ಧಾರಾಳವಾಗಿ ಹಚ್ಚುತ್ತಿದ್ದೇನೆ.

ಕಲೆ ಇನ್ನೂ ಇದೆ. ಅಕ್ಕನ ಹತ್ತಿರ ಇರುವ ಟ್ಯೂಬನ್ನೂ ಡಾಕ್ಟರಿಗೆ ತೋರಿಸಲು ಸೋಮವಾರ ಅವಳನ್ನು ಕರೆದುಕೊಂಡು ಹೋಗುತ್ತಿದ್ದೇನೆ.