ಎರಡು ಹಲ್ಲು ಹೋದವು, ಅಮ್ಮನ ಕೆನ್ನೆ ನೋವು ಮಾತ್ರ ಹಾಗೇ ಇದೆ

ದಾವಣಗೆರೆ_ಮಗಳು:
ಅಮ್ಮನಿಗೆ 58. ಏಳೆಂಟು ತಿಂಗಳಿಂದ ಬಲಗೆನ್ನೆ ನೋವು. ಹಲ್ಲಿಂದಲೇ ಇರಬೇಕು ಅಂತ ರೂಟ್ ಕೆನಾಲ್ ಮಾಡಿಸಿದೆವು, ಕಮ್ಮಿ ಆಗಲಿಲ್ಲ ಅಂತ ಆ ಹಲ್ಲನ್ನೇ ಕೀಳಿಸಿದೆವು, ಆಮೇಲೆ ಪಕ್ಕದ್ದನ್ನೂ. ಇನ್ನೊಬ್ಬರು ಸೈನಸ್ ಅಂದರು, ಆ್ಯಂಟಿಬಯಾಟಿಕ್ ಎರಡು ಸಲ ಆಯ್ತು. ಈಗ ಮೂರನೇ ಹಲ್ಲು ಕೀಳೋಣ ಅಂತಿದ್ದಾರೆ. ರೊಟ್ಟಿ ಬಿಟ್ಟು ಗಂಜಿ ಕುಡಿಯುತ್ತಿದ್ದಾರೆ. ಯಾರಿಗೆ ತೋರಿಸೋದು?

ಹಲ್ಲು_ವೈದ್ಯ:
ನಾನೂ ಹಲ್ಲಿನ ಡಾಕ್ಟರೇ, ಆದರೂ ಹೇಳ್ತೀನಿ, ಸದ್ಯಕ್ಕೆ ಮೂರನೇ ಹಲ್ಲು ಮುಟ್ಟಿಸಬೇಡಿ. ನೋವು ಹೇಗೆ ಬರುತ್ತೆ ಅಂತ ಅಮ್ಮನನ್ನೇ ಬಿಡಿಸಿ ಕೇಳಿ. ದಿನವಿಡೀ ಮಂದವಾಗಿ ಇರುತ್ತಾ, ಇಲ್ಲಾ ಕರೆಂಟ್ ಹೊಡೆದ ಹಾಗೆ ಕೆಲವೇ ಸೆಕೆಂಡು ಬಂದು ಹೋಗುತ್ತಾ? ಹಲ್ಲುಜ್ಜುವಾಗ, ಗಾಳಿ ಬಡಿದಾಗ, ಮುಖ ಸವರಿದಾಗ ಬರುತ್ತಾ? ಸ್ಕ್ಯಾನ್‌ಗಿಂತ ಮೊದಲು ಈ ಉತ್ತರಗಳೇ ಬೇಕು.

ದಾವಣಗೆರೆ_ಮಗಳು:
ಕೇಳಿದೆ ಸರ್. ಸೆಕೆಂಡುಗಳಷ್ಟೇ, ಬಂದರೆ ಮಾತು ಅರ್ಧಕ್ಕೇ ನಿಲ್ಲಿಸಿ ಕಣ್ಣು ಮುಚ್ಚಿ ಕೂರುತ್ತಾರೆ. ಇನ್ನೊಂದು ಈಗ ಗೊತ್ತಾಯ್ತು. ಬಲಗಡೆ ಮೂಗುತಿ ತೆಗೆದಿಟ್ಟು ನಾಲ್ಕು ತಿಂಗಳಾಗಿದೆ, ಪಾಲಿಶ್‌ಗೆ ಕೊಡಬೇಕು ಅಂತ ನಮಗೆ ಸುಮ್ನೆ ಹೇಳಿದ್ದರಂತೆ. ಅದನ್ನು ಮುಟ್ಟಿದರೇ ಶಾಕ್ ಅಂತೆ.

ಬಿಸಿಲುನಾಡು:
ಯಾಕೆ ದವಡೆ ಕೀಲಿನ ನೋವು ಇರಬಾರದು? ನನಗೆ ಅದೇ ಆಗಿತ್ತು, ರಾತ್ರಿ ಹಲ್ಲು ಕಡಿಯುವ ಅಭ್ಯಾಸದಿಂದ.

ಹಲ್ಲು_ವೈದ್ಯ:
ಕೀಲಿನ ನೋವಾದರೆ ಸಾಮಾನ್ಯವಾಗಿ ಕಿವಿ ಮುಂದೆ ಜಗ್ಗಿದ ಹಾಗೆ ಗಂಟೆಗಟ್ಟಲೆ ಇರುತ್ತೆ, ಬಾಯಿ ತೆರೆದರೆ ಕಟಕ್ ಅನ್ನೋದೂ ಉಂಟು. ಬಿರುಕು ಬಿಟ್ಟ ಹಲ್ಲಾದರೆ ಕಚ್ಚಿದಾಗ ಚುಚ್ಚುತ್ತೆ. ಮೂಗುತಿ ಮುಟ್ಟಿದರೆ ಶಾಕ್ ಅಂದರೆ ನನಗೆ ಟ್ರೈಜೆಮಿನಲ್ ನ್ಯೂರಾಲ್ಜಿಯದ ಮೇಲೇ ಅನುಮಾನ. ಮುಖದ ಸ್ಪರ್ಶ ಮಿದುಳಿಗೆ ಒಯ್ಯುವ ಐದನೇ ನರದ ನೋವು ಅದು. ಮೇಲಿನ ಹಲ್ಲಿಗೂ ಕೆನ್ನೆಗೂ ಮೂಗಿನ ಪಕ್ಕಕ್ಕೂ ಆ ನರದ್ದೇ ಒಂದು ಕವಲು, ಅದಕ್ಕೇ ಜನ, ಜನ ಯಾಕೆ, ನಾವೂ ಹಲ್ಲು ಅಂತ ಮೋಸ ಹೋಗೋದು. ನ್ಯೂರಾಲಜಿಸ್ಟ್‌ಗೆ ತೋರಿಸಿ.

ಶಿವಮೊಗ್ಗ_ಮಾವ:
ನನಗೆ ಇದೇ ಕಾಯಿಲೆ, ಆರು ವರ್ಷ ಆಯ್ತು. ಗಡ್ಡ ಬೋಳಿಸೋಕೂ ಆಗುತ್ತಿರಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಎಂಆರ್‌ಐ ಮಾಡಿದರು. ನರದ ಬುಡಕ್ಕೆ ರಕ್ತನಾಳ ಒತ್ತಿಕೊಂಡಿತ್ತು. ಗೆಡ್ಡೆ, ನರದ ಹೊದಿಕೆ ಸವೆಯುವ ಕಾಯಿಲೆ ಇದೆಯಾ ಅಂತಲೂ ಅದರಲ್ಲೇ ನೋಡುತ್ತಾರೆ. ಕಾರ್ಬಮಜೆಪೀನ್ ಅನ್ನೋ ನರನೋವಿನ ಮಾತ್ರೆ ಶುರು ಮಾಡಿದ ಮೂರೇ ದಿನಕ್ಕೆ ಊಟ ಮಾಡಿದೆ. ಆದರೆ ಯಾರೋ ಹೇಳಿದರು ಅಂತ ಅಂಗಡಿಯಿಂದ ತಂದು ನುಂಗಿಸಬೇಡಮ್ಮ. ರಕ್ತದಲ್ಲಿ ಸೋಡಿಯಂ ಇಳಿಯಬಹುದು, ತಲೆ ತಿರುಗಬಹುದು, ಮೈಮೇಲೆ ಗಂದೆ ಎದ್ದರೆ ಕೂಡಲೇ ಡಾಕ್ಟರಿಗೆ ಹೇಳಬೇಕು.

ಹಲ್ಲು_ವೈದ್ಯ:
ಒಂದು ಮಾತು ಬಿಟ್ಟುಹೋಯ್ತು. ಕೆನ್ನೆ ಜೋಮು ಹಿಡಿದಿದ್ದರೆ, ನೋವು ಎರಡೂ ಕಡೆ ಬಂದರೆ ಡಾಕ್ಟರಿಗೆ ಅದನ್ನೇ ಮೊದಲು ಹೇಳಿ. ಈ ವಯಸ್ಸಿನಲ್ಲಿ ಕಣತಲೆ ನೋವು, ಅಗಿಯುವಾಗ ದವಡೆ ಸೋಲು, ಕಣ್ಣು ಮಂಜು ಇದ್ದರೆ ಅದು ಬೇರೆಯೇ, ರಕ್ತನಾಳದ ಉರಿಯೂತ ಇರಬಹುದು. ಆಗ ಅವತ್ತೇ ಓಡಬೇಕು, ಕಾದರೆ ದೃಷ್ಟಿಗೆ ಅಪಾಯ.

ದಾವಣಗೆರೆ_ಮಗಳು:
ಅವು ಯಾವುದೂ ಇಲ್ಲ ಸರ್. ಸೋಮವಾರ ನ್ಯೂರಾಲಜಿಸ್ಟ್ ಹತ್ತಿರ ಹೋಗ್ತಿದ್ದೀವಿ. ಮೂಗುತಿ ವಿಷಯ ಡಾಕ್ಟರಿಗೆ ನಾನೇ ಹೇಳ್ತೀನಿ ಅಂತ ಅಮ್ಮ ಕೂತಿದ್ದಾರೆ.