ಯಜಮಾನರಿಗೆ ಭೂತಾನ್ ಪೋಸ್ಟಿಂಗ್: ಮಗಳೊಂದಿಗೆ ನಾನೂ ಹೋಗಲೇ, ದಾವಣಗೆರೆಯಲ್ಲೇ ಉಳಿಯಲೇ?

ಬೆಣ್ಣೆನಗರಿ (ದಾವಣಗೆರೆ):

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರು ಸೇನೆಯಲ್ಲಿ ಹವಾಲ್ದಾರ್. ಇಷ್ಟು ದಿನ ರಾಜಸ್ಥಾನ, ಪಂಜಾಬ್ ಎಂದು ತಿರುಗುತ್ತಿದ್ದವರಿಗೆ ಈಗ ಭೂತಾನ್‌ನಲ್ಲಿರುವ ನಮ್ಮ ಸೇನೆಯ ತರಬೇತಿ ತಂಡಕ್ಕೆ ಪೋಸ್ಟಿಂಗ್ ಬಂದಿದೆ. ಊರಿನ ಹೆಸರು "ಹಾ". ಕ್ವಾರ್ಟರ್ಸ್ ಸಿಕ್ಕರೆ ಸಂಸಾರವನ್ನೂ ಕರೆದುಕೊಂಡು ಹೋಗಬಹುದಂತೆ.

ನಾನು ವಿದ್ಯಾನಗರದ ಬಾಡಿಗೆ ಮನೆಯಲ್ಲಿ ಮಗಳು ಮತ್ತು ಅತ್ತೆಯವರ ಜೊತೆ ಇದ್ದೇನೆ. ಮಗಳು ಜೂನ್‌ಗೆ ಒಂದನೇ ತರಗತಿ. ಅತ್ತೆಯವರಿಗೆ ಸಕ್ಕರೆ ಕಾಯಿಲೆ. ಅವರನ್ನು ಮೈದುನ ನೋಡಿಕೊಳ್ಳುತ್ತೇನೆ ಎಂದಿದ್ದಾರೆ, ಅತ್ತೆಯೂ "ಹೋಗಿ ಬಾ" ಎನ್ನುತ್ತಾರೆ. ಆದರೆ ಆ ಮಾತು ಹೇಳುವಾಗ ನನ್ನ ಮುಖ ನೋಡುವುದಿಲ್ಲ. ಮೊಬೈಲ್‌ನಲ್ಲಿ ಹುಡುಕಿದರೆ ಬಂಡೆಗೆ ಅಂಟಿಕೊಂಡ ಮಠದ ಮುಂದೆ ನಿಂತ ಪ್ರವಾಸಿಗರ ಫೋಟೋಗಳೇ ಬರುತ್ತವೆ. ನನಗೆ ಬೇಕಾಗಿರುವುದು ಅಲ್ಲಿ ಬೆಳಿಗ್ಗೆ ಎದ್ದು ನೀರು ಕಾಯಿಸಿ, ಡಬ್ಬಿ ಕಟ್ಟಿದವರ ಮಾತು. ನಾವು ಶಾಕಾಹಾರಿಗಳು. ಚಳಿ ಎಂದರೆ ನನಗೆ ಡಿಸೆಂಬರ್‌ನ ದಾವಣಗೆರೆಯಷ್ಟೇ ಗೊತ್ತು.

ನಿವೃತ್ತ ಸುಬೇದಾರ (ಹಿರಿಯೂರು):

ತಂಗೀ, ಮೊದಲು ಒಂದು ಕೆಲಸ ಮಾಡಿ. ಹೊರಡುವ ದಿನ ಗೊತ್ತಾದ ಮೇಲೆ ಅದನ್ನಾಗಲಿ, ರೈಲಿನ ವಿವರವನ್ನಾಗಲಿ, ಯಜಮಾನರು ಸಮವಸ್ತ್ರದಲ್ಲಿರುವ ಫೋಟೋವನ್ನಾಗಲಿ ಎಲ್ಲಿಯೂ ಹಾಕಬೇಡಿ. ಹಾದಲ್ಲಿ ನಮ್ಮ ತಂಡ ಇರುವುದು 1962ರಿಂದ ಲೋಕಕ್ಕೆಲ್ಲ ಗೊತ್ತಿರುವ ಸಂಗತಿ, ಅದು ಗುಟ್ಟಲ್ಲ. ಯಾರು, ಯಾವಾಗ, ಯಾವ ದಾರಿಯಲ್ಲಿ ಎಂಬುದು ಗುಟ್ಟು. 2020ರ ಜುಲೈನಲ್ಲಿ ಸೇನೆ ಒಂದೇ ಸಲಕ್ಕೆ 89 ಆ್ಯಪ್‌ಗಳನ್ನು ತೆಗೆಯಿರಿ ಎಂದು ಜವಾನರಿಗೆ ಹೇಳಿದ್ದು ಸುಮ್ಮನೆ ಅಲ್ಲ. ಹೆಂಡತಿಯ ಮೊಬೈಲ್‌ಗೆ ಆ ಆದೇಶ ಇಲ್ಲ, ಅಲ್ಲೇ ಸೋರುವುದು.

ಇನ್ನು ಶಾಲೆ. ಭಾರತದ ಹೊರಗೆ ಕೇಂದ್ರೀಯ ವಿದ್ಯಾಲಯ ಇರುವುದು ಕಠ್ಮಂಡು, ಮಾಸ್ಕೊ, ತೆಹರಾನ್‌ನಲ್ಲಿ ಮಾತ್ರ. ಭೂತಾನ್‌ನ ಶಾಲೆಗಳು ಫೆಬ್ರವರಿಯಲ್ಲಿ ಶುರುವಾಗಿ ಡಿಸೆಂಬರ್‌ಗೆ ಮುಗಿಯುತ್ತವೆ, ಚಳಿಗಾಲವೇ ಅವರ ದೊಡ್ಡ ರಜೆ. ಪಾಠ ಇಂಗ್ಲಿಷ್‌ನಲ್ಲಿ, ಜೊತೆಗೆ ಅವರ ಭಾಷೆ ಜೊಂಗ್ಖಾ ಕಡ್ಡಾಯ. ನೀವು ಜೂನ್‌ನಲ್ಲಿ ಹೋದರೆ ಮಧ್ಯದಲ್ಲಿ ಹೋದಂತೆ, ತಿರುಗಿ ಬರುವಾಗಲೂ ಮಧ್ಯದಲ್ಲೇ. ನನ್ನನ್ನು ಕೇಳಿದರೆ ಮಗುವಿಗೆ ಕನ್ನಡ ಅಕ್ಷರ ಕೂಡುವವರೆಗೆ ಊರಲ್ಲೇ ಇರಿ. ರಜೆಯಲ್ಲಿ ಹೋಗಿ ಬನ್ನಿ.

ಕೋಟೆಯ ಸೊಸೆ (ಚಿತ್ರದುರ್ಗ):

ಸುಬೇದಾರ್ ಸಾಹೇಬರ ಮೊದಲ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ, ಎರಡನೆಯದಕ್ಕೆ ಇಲ್ಲ. ಹಾದಲ್ಲಿ ಸಂಸಾರ ಮಾಡಿ ಬಂದವಳು ನಾನು. ತಂಗೀ, ಹೋಗಿ. ಒಂದನೇ ತರಗತಿಯನ್ನು ಅಮ್ಮ ಅಡುಗೆಮನೆಯಲ್ಲೇ ಮುಗಿಸಬಹುದು. ಅಪ್ಪ ಸಂಜೆ ಮನೆಗೆ ಬಂದು ಬೂಟು ಬಿಚ್ಚುವ ಪೋಸ್ಟಿಂಗ್ ಫೌಜಿಯ ಮಗಳಿಗೆ ಎಷ್ಟು ಸಲ ಸಿಗುತ್ತದೆ? ನಾಳೆ ಗಡಿಗೆ ಪೋಸ್ಟಿಂಗ್ ಬಂದಾಗ ನೀವು ಕೇಳಿದರೂ ಕರೆದುಕೊಂಡು ಹೋಗುವುದಿಲ್ಲ. ದಾವಣಗೆರೆಯಲ್ಲೂ ದುರ್ಗದಲ್ಲೂ ಕೇಂದ್ರೀಯ ವಿದ್ಯಾಲಯ ಇದೆ. ವರ್ಗಾವಣೆಯಾಗುವ ಸೈನಿಕರ ಮಕ್ಕಳಿಗೆ ಅಲ್ಲಿ ಮೊದಲ ಆದ್ಯತೆ. ಶಾಲೆ ಎಲ್ಲಿಗೂ ಓಡಿ ಹೋಗುವುದಿಲ್ಲ.

ದಾರಿ: ವಿಮಾನದಲ್ಲಿ ಪಾರೋಗೆ ಇಳಿಯಬಹುದು, ಆದರೆ ಸಂಸಾರ ಹೊತ್ತು ಹೋಗುವವರಿಗೆ ರೈಲೇ ಸರಿ. ಬೆಂಗಳೂರಿನಿಂದ ನ್ಯೂ ಜಲ್ಪೈಗುರಿಗೆ ಸುಮಾರು ಎರಡು ದಿನ, ಅಲ್ಲಿಂದ ಚಹಾ ತೋಟಗಳ ನಡುವೆ ಹಾಸಿಮಾರಾ, ಆಮೇಲೆ ಗಾಡಿಯಲ್ಲಿ ಗಡಿಯ ಊರು ಜೈಗಾಂವ್. ಜೈಗಾಂವ್‌ನ ಗದ್ದಲ, ಹಾರನ್ನು, ಕೆಸರು ದಾಟಿ ಒಂದು ಗೇಟಿನೊಳಗೆ ಹೋದರೆ ಭೂತಾನ್‌ನ ಫುನ್‌ಶೋಲಿಂಗ್. ಅಲ್ಲಿ ಹಾರನ್ ಇಲ್ಲ, ಜನ ಪಟ್ಟೆಯ ಮೇಲೆಯೇ ರಸ್ತೆ ದಾಟುತ್ತಾರೆ. ನನ್ನ ಮಗ "ಅಮ್ಮಾ, ಇಲ್ಲಿ ಪರೀಕ್ಷೆ ನಡೆಯುತ್ತಿದೆಯಾ" ಎಂದು ಕೇಳಿದ್ದ. ಅಲ್ಲೇ ಒಂದು ರಾತ್ರಿ ತಂಗಿ. ಮರುದಿನದ ಏರು ಸುಲಭವಲ್ಲ. ಗೆದು ಎಂಬಲ್ಲಿ ಮಂಜು ಕವಿದರೆ ಮುಂದಿನ ಲಾರಿಯ ದೀಪ ಮಾತ್ರ ಕಾಣುತ್ತದೆ. ಚುಜೋಮ್‌ನಲ್ಲಿ ಎರಡು ನದಿ ಕೂಡುತ್ತವೆ, ಥಿಂಪು, ಪಾರೋ ಮತ್ತು ಹಾ ಊರಿಗೆ ಹೋಗುವ ರಸ್ತೆಗಳು ಅಲ್ಲಿ ಬೇರೆಯಾಗುತ್ತವೆ. ಮಗುವಿಗೆ ಬೆಳಿಗ್ಗೆ ಒಣ ಮಂಡಕ್ಕಿ ಬಿಟ್ಟು ಬೇರೇನೂ ಕೊಡಬೇಡಿ, ತಿರುವುಗಳು ಹಾಗಿವೆ. ಮಳೆಗಾಲದಲ್ಲಂತೂ ಹೊರಡಲೇಬೇಡಿ, ಗುಡ್ಡ ಕುಸಿದರೆ ರಸ್ತೆ ತೆರೆಯುವವರೆಗೆ ಗಾಡಿಯೊಳಗೇ ಕೂರಬೇಕು.

ಚಳಿ ಕೇಳಿದ್ದೀರಿ. ಹಾ ಇರುವುದು ಸುಮಾರು 2,700 ಮೀಟರ್ ಎತ್ತರದಲ್ಲಿ. ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಸಿಂಕಿನ ನಲ್ಲಿಯನ್ನು ರಾತ್ರಿ ಸಣ್ಣಗೆ ತೊಟ್ಟಿಕ್ಕುವಂತೆ ಬಿಟ್ಟಿರಬೇಕು, ಇಲ್ಲವಾದರೆ ಬೆಳಿಗ್ಗೆ ಪೈಪಿನೊಳಗೆ ನೀರು ಗಟ್ಟಿಯಾಗಿರುತ್ತದೆ. ಕೊಬ್ಬರಿ ಎಣ್ಣೆಯ ಬಾಟಲಿಗೆ ಬೆರಳು ಇಳಿಯುವುದಿಲ್ಲ. ಮನೆಯ ಜೀವ ಎಂದರೆ ಬುಖಾರಿ, ಕಟ್ಟಿಗೆ ಹಾಕುವ ತಗಡಿನ ಒಲೆ. ಅದರ ಕೊಳವೆ ಗೋಡೆಯಿಂದ ಹೊರಗೆ ಹೋಗಿರುತ್ತದೆ. ಅದನ್ನು ಹಚ್ಚುವುದೂ ಒಂದು ವಿದ್ಯೆ: ತಳದಲ್ಲಿ ಪೈನ್ ಮರದ ಸಣ್ಣ ಚಕ್ಕೆ, ಮೇಲೆ ಬೆರಳು ದಪ್ಪದ ಕಡ್ಡಿ, ಉರಿ ಹಿಡಿದ ಮೇಲೆ ದಿಮ್ಮಿ. ಒಲೆಯ ಬಾಗಿಲು ಬೇಗ ಮುಚ್ಚಿದರೆ ಮನೆಯೆಲ್ಲ ಹೊಗೆ. ಒಂದು ಕಿಟಕಿಯನ್ನು ಎರಡು ಬೆರಳಷ್ಟು ತೆರೆದಿಡಲೇಬೇಕು, ಉರಿಯುವ ಒಲೆ ಇಟ್ಟುಕೊಂಡು ಎಲ್ಲ ಮುಚ್ಚಿ ಮಲಗಿದರೆ ಜೀವಕ್ಕೇ ಅಪಾಯ. ಈ ಮಾತನ್ನು ಮರೆಯಬೇಡಿ, ಉಳಿದದ್ದೆಲ್ಲ ಮರೆತರೂ ಪರವಾಗಿಲ್ಲ.

ಇಡ್ಲಿ ಹಿಟ್ಟು ಉಬ್ಬುವುದು ಆ ಬುಖಾರಿಯ ಕೃಪೆಯಿಂದಲೇ. ಸ್ಟೀಲ್ ಡಬ್ಬಿಗೆ ಶಾಲು ಸುತ್ತಿ ಒಂದು ಮೊಳ ದೂರ ಇಡಬೇಕು, ಆಗಾಗ ತಿರುಗಿಸಬೇಕು. ಹತ್ತಿರ ಇಟ್ಟರೆ ಒಲೆಯ ಕಡೆಯ ಹಿಟ್ಟು ಬೆಂದು, ಗೋಡೆಯ ಕಡೆಯದು ರುಬ್ಬಿದ ಹಾಗೆಯೇ ಉಳಿದಿರುತ್ತದೆ. ಆ ಎತ್ತರದಲ್ಲಿ ನೀರು ಸುಮಾರು 91 ಡಿಗ್ರಿಗೇ ಕುದಿದುಬಿಡುತ್ತದೆ, ಆದ್ದರಿಂದ ಪಾತ್ರೆಯಲ್ಲಿ ಬೇಳೆ ಬೇಯಿಸುವ ಆಸೆ ಬಿಡಿ. ಎಲ್ಲಕ್ಕೂ ಕುಕ್ಕರ್, ಊರಿಗಿಂತ ಒಂದೆರಡು ಸೀಟಿ ಹೆಚ್ಚು. ಕುಕ್ಕರ್‌ನ ಗ್ಯಾಸ್ಕೆಟ್ ಹೆಚ್ಚಿಗೆ ಒಯ್ಯಿರಿ.

ಶಾಕಾಹಾರಕ್ಕೆ ಹೆದರಬೇಡಿ. ಅಂಗಡಿಗಳಲ್ಲಿ ಒಣಮಾಂಸ ನೇತಾಡುತ್ತಿರುತ್ತದೆ, ಮೊದಲ ವಾರ ಮೂಗು ಮುಚ್ಚುತ್ತೀರಿ, ಆಮೇಲೆ ಅಭ್ಯಾಸವಾಗುತ್ತದೆ. ಅವರಿಗೆ ಮೆಣಸಿನಕಾಯಿ ಮಸಾಲೆಯಲ್ಲ, ಅದೇ ತರಕಾರಿ. ಎಮದಾತ್ಶಿ ಎಂದರೆ ಹಸಿಮೆಣಸಿನಕಾಯಿ ಮತ್ತು ಚೀಸ್, ಅಷ್ಟೇ. ಮಿರ್ಚಿ ಮಂಡಕ್ಕಿ ತಿಂದು ಬೆಳೆದವರಿಗೆ ಖಾರ ಸಹಿಸುತ್ತದೆ. ಆಲೂಗಡ್ಡೆಯದ್ದು ಕೇವಾದಾತ್ಶಿ, ಮಗುವಿಗೆ ಅದು. ಹುಣಸೆಹಣ್ಣು, ಒಣಗಿಸಿದ ಕರಿಬೇವು, ರಾಗಿ ಹಿಟ್ಟು ಊರಿನಿಂದ. ತೊಗರಿಬೇಳೆ ಜೈಗಾಂವ್‌ನಲ್ಲಿ ಸಿಗುತ್ತದೆ.

ಈಗ ಯಾರೂ ಹೇಳದ ಮಾತು. ಅಲ್ಲಿ ಕಷ್ಟವೆಂದರೆ ಚಳಿಯಲ್ಲ, ಮಧ್ಯಾಹ್ನ. ಅವರು ಕೆಲಸಕ್ಕೆ ಹೋಗಿರುತ್ತಾರೆ, ಪಾತ್ರೆ ತೊಳೆದಾಗಿರುತ್ತದೆ, ಬಿಸಿಲು ಬೆಟ್ಟದ ಆಚೆಗೆ ಬೇಗ ಜಾರುತ್ತದೆ. ಅನೇಕ ಹೆಂಗಸರು ಕ್ವಾರ್ಟರ್ಸ್‌ನ ನಾಲ್ಕು ಮನೆಗಳ ನಡುವೆಯೇ ತಿರುಗಿ, ಯಾರ ಗಂಡನಿಗೆ ಯಾವ ಪ್ರಮೋಷನ್ ಎಂದು ಮಾತಾಡಿ, ಪೋಸ್ಟಿಂಗ್ ಮುಗಿಸಿ ಬರುತ್ತಾರೆ. ಅವರು ಭೂತಾನ್ ನೋಡಿದ್ದು ಕಿಟಕಿಯಿಂದ. ಸೈನಿಕರ ಹೆಂಡಂದಿರ ವೆಲ್ಫೇರ್ ಮೀಟಿಂಗ್‌ಗೆ ಹೋಗಿ, ಬೇಡ ಎನ್ನುವುದಿಲ್ಲ, ಚಹಾ ಚೆನ್ನಾಗಿರುತ್ತದೆ. ಆದರೆ ಪೇಟೆಗೆ ನಡೆದು ಹೋಗಿ. ಅಂಗಡಿಯವರಿಗೆ ಹಿಂದಿ ಬರುತ್ತದೆ. ನಾನು ತರಕಾರಿ ಕೊಳ್ಳುತ್ತಿದ್ದ ಅಜ್ಜಿ ನನ್ನನ್ನು ಸ್ಟೂಲ್ ಮೇಲೆ ಕೂರಿಸಿ, ಹುರುಳಿಕಾಯಿ ತೂಗುವ ಮೊದಲು ಉಪ್ಪುಬೆಣ್ಣೆಯ ಚಹಾ ಕೊಡುತ್ತಿದ್ದಳು. ಬೇಡವೆಂದರೆ ಹುರುಳಿಕಾಯಿಯೇ ಇಲ್ಲ.

ಬೆಣ್ಣೆನಗರಿ:

ಅಕ್ಕಾ, ಓದಿ ಎರಡು ಸಲ ನಕ್ಕೆ. ಅತ್ತೆಯವರಿಗೂ ಓದಿ ಹೇಳಿದೆ. ಒಂದೇ ಪ್ರಶ್ನೆ ಉಳಿದಿದೆ, ಅವರ ಎದುರಿಗೆ ಕೇಳಲಾಗದ್ದು. ಇದ್ದಕ್ಕಿದ್ದಂತೆ ಅವರಿಗೆ ಏನಾದರೂ ಆದರೆ ಎಷ್ಟು ಹೊತ್ತಿಗೆ ಮನೆ ಮುಟ್ಟಬಹುದು?

ಕೋಟೆಯ ಸೊಸೆ:

ಸುಳ್ಳು ಸಮಾಧಾನ ಹೇಳುವುದಿಲ್ಲ. ರಾತ್ರಿ ಫೋನ್ ಬಂದರೆ ರಾತ್ರಿಯೇ ಹೊರಡಲು ಆಗುವುದಿಲ್ಲ. ಪಾರೋದಲ್ಲಿ ವಿಮಾನ ಇಳಿಯುವುದು, ಏರುವುದು ಹಗಲಿನಲ್ಲಿ ಮಾತ್ರ, ಅದೂ ಪೈಲಟ್‌ಗೆ ಬೆಟ್ಟ ಕಣ್ಣಿಗೆ ಕಂಡರೆ. ಹಾದಿಂದ ಪಾರೋಗೆ ಹತ್ತಿರದ ದಾರಿ ಚೆಲೆಲಾ ಕಣಿವೆಮಾರ್ಗ, 3,800 ಮೀಟರಿಗಿಂತ ಎತ್ತರ. ಹಿಮ ಬಿದ್ದರೆ ಅದು ಮುಚ್ಚುತ್ತದೆ, ಆಗ ಚುಜೋಮ್ ಸುತ್ತಿ ಹೋಗಬೇಕು. ಅಲ್ಲಿಂದ ಬಾಗ್‌ಡೋಗ್ರಾ ಅಥವಾ ಕೋಲ್ಕತ್ತಾ, ಬೆಂಗಳೂರು, ಆಮೇಲೆ ದಾವಣಗೆರೆ. ಎಲ್ಲ ಕೂಡಿ ಬಂದರೂ ಮರುದಿನ ರಾತ್ರಿಯ ಮಾತು. ನನ್ನ ಮಾವ ತೀರಿಕೊಂಡಾಗ ನಮ್ಮವರಿಗೆ ಮಣ್ಣಿಗೆ ಬರಲಾಗಲಿಲ್ಲ, ತಿಥಿಗೆ ಬಂದರು. ಇದನ್ನು ನಿಮ್ಮ ಯಜಮಾನರು ಮತ್ತು ಮೈದುನ ಹೊರಡುವ ಮೊದಲೇ ಕುಳಿತು ಮಾತಾಡಿಕೊಳ್ಳಲಿ. ಅತ್ತೆಯೂ ಇರಲಿ. ಅವರಿಗೆ ಗೊತ್ತಿಲ್ಲದ್ದೇನೂ ಅಲ್ಲ, ಫೌಜಿಯ ತಾಯಿ ಅವರು.

ದಿನಾ ಮಾತಾಡುವುದಕ್ಕೆ ಒಂದು ಸಮಯ ಇಟ್ಟುಕೊಳ್ಳಿ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಮುಂದೆ. ಅತ್ತೆ ಧಾರಾವಾಹಿ ಮುಗಿಸಿ ಹತ್ತಕ್ಕೆ ಫೋನ್ ಮಾಡಿದರೆ ನಿಮಗೆ ಹತ್ತೂವರೆ, ಬುಖಾರಿ ಆರುವ ಹೊತ್ತು.

ಕಾಗದಪತ್ರ (ದಾವಣಗೆರೆ):

ಬ್ಯಾಂಕಿನಲ್ಲಿದ್ದೇನೆ, ಆ ಕಡೆಯ ಮಾತು ಮಾತ್ರ. ಭಾರತೀಯರಿಗೆ ಭೂತಾನ್‌ಗೆ ವೀಸಾ ಬೇಡ, ಆದರೆ ಆಧಾರ್ ನಡೆಯುವುದಿಲ್ಲ. ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕು. ಮಗುವಿಗೆ ಪಾಸ್‌ಪೋರ್ಟ್ ಇಲ್ಲವಾದರೆ ಜನನ ಪ್ರಮಾಣಪತ್ರದ ಮೂಲಪ್ರತಿ. ಅಲ್ಲಿನ ನಗುಲ್ಟ್ರಮ್ ನಮ್ಮ ರೂಪಾಯಿಗೆ ಸರಿಸಮ, ನಮ್ಮ ನೋಟೂ ನಡೆಯುತ್ತದೆ. ನೂರರ ನೋಟುಗಳನ್ನು ಹೆಚ್ಚು ಇಟ್ಟುಕೊಳ್ಳಿ. ವಾಪಸ್ ಬರುವಾಗ ನಗುಲ್ಟ್ರಮ್ ಖರ್ಚು ಮಾಡಿಯೇ ಬನ್ನಿ, ಜೈಗಾಂವ್ ದಾಟಿದರೆ ಅದು ಬರೀ ಕಾಗದ. ಊರಿನ ಸಿಮ್‌ಗೆ ರೋಮಿಂಗ್ ಹಾಕಿಸಿ ಜೀವಂತ ಇಡಿ, ಬ್ಯಾಂಕಿನ ಒಟಿಪಿ ಅದಕ್ಕೇ ಬರುವುದು. ಇನ್ನು ನೀವು ಹೋದ ಮೇಲೆ "ನಾವೂ ಬರುತ್ತೇವೆ" ಎನ್ನುವ ನೆಂಟರಿಗೆ ಮೊದಲೇ ಹೇಳಿ: ಪ್ರವಾಸಕ್ಕೆ ಬರುವ ಭಾರತೀಯರಿಗೆ 2022ರಿಂದ ತಲೆಗೆ, ರಾತ್ರಿಗೆ 1,200 ರೂಪಾಯಿ ಶುಲ್ಕ ಇದೆ.

ನಿವೃತ್ತ ಸುಬೇದಾರ (ಹಿರಿಯೂರು):

ಕೋಟೆಯ ಅಮ್ಮನವರ ಮಾತಿಗೆ ಎದುರಾಡುವುದಿಲ್ಲ, ಆದರೆ ಅಂಕಲಿಪಿ, ಕಾಪಿ ಪುಸ್ತಕ ಮರೆಯದೆ ಟ್ರಂಕಿಗೆ ಹಾಕಿ. ಬೇಳೆ ಅಲ್ಲಿ ಸಿಗುತ್ತದೆ, ಕನ್ನಡದ ಪುಸ್ತಕ ಸಿಗುವುದಿಲ್ಲ.

ಬೆಣ್ಣೆನಗರಿ:

ಹಾಕುತ್ತೇನೆ ಸರ್. ಅಕ್ಕಾ, ಮಿಕ್ಸಿ ಒಯ್ಯಲೇ, ಟೇಬಲ್ ಗ್ರೈಂಡರ್ ಒಯ್ಯಲೇ?

ಕೋಟೆಯ ಸೊಸೆ:

ಮಿಕ್ಸಿ. ಕರೆಂಟು ಅಲ್ಲೂ 230 ವೋಲ್ಟ್, ನಮ್ಮ ದುಂಡುಪಿನ್ನು ಹಿಡಿಯದ ಪ್ಲಗ್ಗಿಗೆ ಒಂದು ಅಡಾಪ್ಟರ್ ಇಟ್ಟುಕೊಳ್ಳಿ. ಗ್ರೈಂಡರ್‌ನ ಕಲ್ಲನ್ನು ಆ ತಿರುವುಗಳಲ್ಲಿ ಹೊತ್ತುಕೊಂಡು ಹೋಗುವವರು ಯಾರು? ಅದನ್ನು ಅತ್ತೆಗೆ ಬಿಟ್ಟು ಹೋಗಿ.