ಟ್ಯಾಬ್ಲೇಚರ್‌ಗೆ 'ಸ್ವರಲಿಪಿ' ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಯುರೋಪಿನ ಹಳೆಯ ತಂತಿವಾದ್ಯ ಲೂಟ್ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಬರುವ 'ಟ್ಯಾಬ್ಲೇಚರ್'ಗೆ ಮೊದಲು 'ಸ್ವರಲಿಪಿ' ಎಂದು ಬರೆದೆ. ಎರಡು ಪುಟ ದಾಟುವಷ್ಟರಲ್ಲಿ ಅದು ತಪ್ಪು ಅನ್ನಿಸಿತು.

ನಮ್ಮ ಸರಿಗಮ ಬರಹ ಯಾವ ಸ್ವರ ಎಂದು ಹೇಳುತ್ತದೆ. ಲೂಟ್‌ನ ಟ್ಯಾಬ್ಲೇಚರ್ ಸ್ವರದ ಹೆಸರೇ ಎತ್ತುವುದಿಲ್ಲ. ಯಾವ ತಂತಿ, ಎಷ್ಟನೇ ಮೆಟ್ಟು (ವಾದ್ಯದ ಕತ್ತಿನ ಮೇಲಿನ ಅಡ್ಡಪಟ್ಟಿ, ಅಂದರೆ ಫ್ರೆಟ್), ಎಷ್ಟು ಹೊತ್ತು ಅಂತ ಮಾತ್ರ ತೋರಿಸುತ್ತದೆ. ತಂತಿಯ ಶ್ರುತಿ ಬದಲಿಸಿದರೆ ಅದೇ ಬರಹದಿಂದ ಬೇರೆ ಸ್ವರ ಹೊರಡುತ್ತದೆ.

ಪೆಟ್ರುಚ್ಚಿ 1507ರಲ್ಲಿ ವೆನಿಸ್‌ನಲ್ಲಿ ಅಚ್ಚು ಹಾಕಿದ ಸ್ಪಿನಾಚಿನೊನ ಲೂಟ್ ಪುಸ್ತಕದಲ್ಲಿ ಆರು ಗೆರೆ, ಅವುಗಳ ಮೇಲೆ ಅಂಕಿ. 0 ಅಂದರೆ ಒತ್ತದೆ ಬಿಟ್ಟ ತಂತಿ, 1 ಅಂದರೆ ಮೊದಲ ಮೆಟ್ಟು. ಎಲ್ಲಕ್ಕಿಂತ ಕೆಳಗಿನ ಗೆರೆ ತಾರದ, ಅಂದರೆ ಅತಿ ಎತ್ತರದ ಸ್ವರದ, ತಂತಿ. ವಾದ್ಯ ಹಿಡಿದು ಕೂತಾಗ ಆ ತಂತಿ ನೆಲದ ಕಡೆಗೇ ಇರುತ್ತದೆ ಅಲ್ವಾ, ಹಾಗಾಗಿ. 1529ರಲ್ಲಿ ಪ್ಯಾರಿಸ್‌ನಲ್ಲಿ ಅಟೆಂಞಾ ಅಚ್ಚು ಹಾಕಿದ್ದರಲ್ಲಿ ಅಂಕಿಯ ಬದಲು ಅಕ್ಷರ, ತಾರದ ತಂತಿಗೆ ಎಲ್ಲಕ್ಕಿಂತ ಮೇಲಿನ ಗೆರೆ. ಅಲ್ಲಿ 'ಎ' ಅಂದರೆ ಒತ್ತದೆ ಬಿಟ್ಟ ತಂತಿ. ಜರ್ಮನರಲ್ಲಿ ತಂತಿಯ ಗೆರೆಯೇ ಇಲ್ಲ! ತಂತಿಯೂ ಮೆಟ್ಟೂ ಸೇರುವ ಒಂದೊಂದು ಜಾಗಕ್ಕೂ ಒಂದೊಂದು ಗುರುತು. ಬಿಟ್ಟ ಐದು ತಂತಿಗೆ 1ರಿಂದ 5. ಮೊದಲ ಮೆಟ್ಟಿನ ಐದು ಜಾಗಕ್ಕೆ ಎ, ಬಿ, ಸಿ, ಡಿ, ಇ. ಅಂದರೆ ಪ್ಯಾರಿಸ್‌ನಲ್ಲಿ 'ಎ' ಬಿಟ್ಟ ತಂತಿ, ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಮೊದಲ ಮೆಟ್ಟು. ಎರಡೂ ಕಡೆ ಅದು 'ಎ' ಎಂಬ ಸ್ವರವಲ್ಲ. 'ಸ್ವರಲಿಪಿ' ಎಂದು ಬರೆದರೆ ಓದುಗರು ಜಾರುವುದು ಇಲ್ಲೇ.

ಹಾಗಾದರೆ ಏನನ್ನೋಣ? ಮೂಲದ ಲ್ಯಾಟಿನ್ 'ಟಾಬುಲಾ' ಅಂದರೆ ಹಲಗೆ. 'ಹಲಗೆಬರಹ' ಅಂದರೆ ಶಾಲೆಯ ಕಪ್ಪುಹಲಗೆ ಕಣ್ಣಮುಂದೆ ಬರುತ್ತದೆ. 'ಬೆರಳುಲಿಪಿ' ಕಿವಿಗೆ ಹಿತ, ಆದರೆ ಎಡಗೈಯ ಯಾವ ಬೆರಳು ಎಂದು ಈ ಗುರುತುಗಳು ಹೇಳುವುದಿಲ್ಲ. 'ತಂತಿಲಿಪಿ' ಅಂದರೆ ಹಳಬರಿಗೆ ಟೆಲಿಗ್ರಾಂ ನೆನಪಾದೀತು.

ನನ್ನ ಮನಸ್ಸು 'ಮೆಟ್ಟುಲಿಪಿ' ಕಡೆ ಇದೆ. ಎರಡು ಅಡ್ಡಿ ಇವೆ. ಆರ್ಗನ್‌ಗೂ ಟ್ಯಾಬ್ಲೇಚರ್ ಇತ್ತು, ಅದಕ್ಕೆ ಮೆಟ್ಟಿಲ್ಲ. ನನ್ನ ಲೇಖನ ಲೂಟ್‌ನದು, ಅದನ್ನು ಬಿಡಬಹುದು. ಇನ್ನೊಂದು ಜಾಸ್ತಿ ಕಾಡುತ್ತಿದೆ: 'ವರ್ಣಮೆಟ್ಟು' ಅನ್ನುವಾಗ ಮೆಟ್ಟು ಅಂದರೆ ಧಾಟಿ. ಆ ಅರ್ಥ ನುಸುಳಿದರೆ ಮತ್ತೆ ಸ್ವರಕ್ಕೇ ಬಂದು ನಿಂತಂತೆ.

ವೀಣೆ ನುಡಿಸುವವರು ದಯವಿಟ್ಟು ಹೇಳಿ. ವೀಣೆಯ ಆ 24 ಫ್ರೆಟ್‌ಗಳಿಗೆ ನಿಮ್ಮ ಮನೆಯಲ್ಲಿ, ಪಾಠದಲ್ಲಿ ಮೆಟ್ಟು ಅನ್ನುತ್ತೀರಾ, ಮೆಟ್ಟಿಲು ಅನ್ನುತ್ತೀರಾ, ಮನೆ ಅನ್ನುತ್ತೀರಾ? ಒತ್ತದೆ ಬಿಟ್ಟ ತಂತಿಗೆ ಏನನ್ನುತ್ತೀರಿ?